ಪದ ಪರಿಚಯ: ಒನರ್

ಒಂದು ದೃಶ್ಯವನ್ನು ಎಲ್ಲೂ ಕಟ್ ಮಾಡದೆ ಒಂದೇ ಓಟದಲ್ಲಿ ತೆಗೆದರೆ ಅದಕ್ಕೆ ಹಾಲಿವುಡ್ ಸೆಟ್‌ಗಳಲ್ಲಿ ‘ಒನರ್’ ಅನ್ನುತ್ತಾರೆ. ‘ಸಿಂಗಲ್ ಶಾಟ್’ ಅಂದರೆ ನಮ್ಮವರಿಗೆ ಥಟ್ಟನೆ ಗೊತ್ತಾಗುತ್ತದೆ. ಫೈಟೋ ಹಾಡೋ ಹೀಗೆ ತೆಗೆದರೆ ಸಿನಿಮಾದವರು ಅದನ್ನೇ ಹೇಳಿಕೊಂಡು ಪ್ರಚಾರ ಮಾಡುತ್ತಾರೆ, ಅಲ್ವಾ? ಅಮೆರಿಕದ ‘ಇ.ಆರ್.’ ಧಾರಾವಾಹಿಯಲ್ಲಿ ಮಾತ್ರ ಒನರ್ ಅನ್ನೋದು ಮಾಮೂಲಿ ಕೆಲಸವಾಗಿತ್ತು. ಈ ಪದ ಅರ್ಥವಾಗಬೇಕಾದರೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದು ಬಂದದ್ದು ಎನ್‌ಬಿಸಿ ಅನ್ನುವ ಟಿವಿ ಚಾನೆಲ್‌ನಲ್ಲಿ, 1994ರ ಸೆಪ್ಟೆಂಬರ್‌ನಿಂದ 2009ರ ಏಪ್ರಿಲ್‌ವರೆಗೆ, 15 ಸೀಸನ್, 331 ಕಂತು. ಕಥೆ ಶಿಕಾಗೋದ ಸರ್ಕಾರಿ ಆಸ್ಪತ್ರೆಯೊಂದರ ಎಮರ್ಜೆನ್ಸಿ ವಾರ್ಡಿನದು. ಇದರ ಮೂಲ ಚಿತ್ರಕಥೆ ಬರೆದ ಮೈಕಲ್ ಕ್ರೈಟನ್ ಸ್ವತಃ ವೈದ್ಯಕೀಯ ಓದಿದವರು. 1970ರ ದಶಕದಲ್ಲಿ ಸಿನಿಮಾಕ್ಕೆಂದು ಬರೆದದ್ದು, ಟಿವಿಗೆ ಬರಲು 20 ವರ್ಷ ಕಾಯಬೇಕಾಯಿತು. ಮೊದಲ ಕಂತನ್ನು ಲಾಸ್ ಏಂಜಲೀಸ್‌ನಲ್ಲಿ ಬಾಗಿಲು ಮುಚ್ಚಿದ್ದ ಲಿಂಡಾ ವಿಸ್ಟಾ ಆಸ್ಪತ್ರೆಯಲ್ಲೇ ತೆಗೆದರು. ಆಮೇಲೆ ಬರ್ಬ್ಯಾಂಕ್‌ನ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಆಸ್ಪತ್ರೆಯ ಸೆಟ್ ಎದ್ದಿತು.

ಇಲ್ಲಿನ ಒನರ್ ಹೇಗಿರುತ್ತಿತ್ತು? ಆಂಬುಲೆನ್ಸ್ ಬಾಗಿಲು ಧಡಾರನೆ ತೆರೆಯುತ್ತದೆ. ಸ್ಟ್ರೆಚರ್ ಒಳಗೆ ನುಗ್ಗುತ್ತದೆ. ಆಂಬುಲೆನ್ಸಿನವರು ಓಡುತ್ತಲೇ ರೋಗಿಯ ವಯಸ್ಸು, ಬಿಪಿ, ಗಾಯ ಎಲ್ಲ ಒದರುತ್ತಾರೆ. ಕ್ಯಾಮೆರಾ ಅವರ ಮುಂದೆ ಹಿಮ್ಮುಖವಾಗಿ ಓಡುತ್ತದೆ. ಟ್ರಾಮಾ ರೂಮಿನೊಳಗೆ ಮಂಚದ ಸುತ್ತ ಒಂದು ಸುತ್ತು. ಒಬ್ಬರು ಬಟ್ಟೆ ಕತ್ತರಿಸುತ್ತಿದ್ದರೆ ಇನ್ನೊಬ್ಬರು ಡ್ರಿಪ್ ಹಾಕುತ್ತಿರುತ್ತಾರೆ. ಅಷ್ಟರಲ್ಲಿ ಒಬ್ಬ ಡಾಕ್ಟರನ್ನು ಪಕ್ಕದ ರೂಮಿನಿಂದ ಯಾರೋ ಕರೆಯುತ್ತಾರೆ. ಕ್ಯಾಮೆರಾ ಅವನ ಬೆನ್ನು ಹತ್ತಿ ಅಲ್ಲಿಗೂ ಹೋಗುತ್ತದೆ.

ಇದು ಸಾಧ್ಯವಾದದ್ದು ಸ್ಟೆಡಿಕ್ಯಾಮ್‌ನಿಂದ. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಸಾಧನ. ಆಪರೇಟರ್ ಮೈಗೆ ಬಿಗಿದುಕೊಳ್ಳುವ ಒಂದು ಕವಚ, ಅದಕ್ಕೆ ಸ್ಪ್ರಿಂಗ್ ಇರುವ ತೋಳು, ತೋಳಿಗೆ ಕ್ಯಾಮೆರಾ. ಹೆಜ್ಜೆಯ ಕುಲುಕಾಟವನ್ನು ಆ ತೋಳು ನುಂಗಿಬಿಡುತ್ತದೆ. ಆದರೆ ಅಷ್ಟೂ ಭಾರ ಆಪರೇಟರ್ ಮೈಮೇಲೇ. ಹಿಂದಕ್ಕೆ ನಡೆಯುವಾಗ ಎಡವದಂತೆ ದಾರಿ ತೋರಿಸಲು ಬೆನ್ನ ಹಿಂದೆ ಇನ್ನೊಬ್ಬರು ಬೇಕು. ದೂರದಲ್ಲಿ ನಿಂತು ರಿಮೋಟ್‌ನಲ್ಲಿ ಫೋಕಸ್ ಹಿಡಿಯುವವರು ಬೇರೆ. ಫಿಲ್ಮಿನ ಲೆಕ್ಕವೂ ಇತ್ತು. 35 ಎಂಎಂ ಫಿಲ್ಮಿನ 400 ಅಡಿಯ ಸುರುಳಿ ನಾಲ್ಕೂವರೆ ನಿಮಿಷದೊಳಗೆ ಮುಗಿದೇಹೋಗುತ್ತದೆ.

ಲೈಟಿಂಗ್ ಇನ್ನೊಂದು ತಲೆನೋವು. ಕ್ಯಾಮೆರಾ ಸುತ್ತಲೂ ತಿರುಗುವಾಗ ಲೈಟ್ ಸ್ಟ್ಯಾಂಡ್ ಎಲ್ಲಿ ಬಚ್ಚಿಡುತ್ತೀರಿ? ಹಾಗಾಗಿ ಇಂಥ ಶಾಟ್‌ನಲ್ಲಿ ಸೆಟ್ಟಿನ ಛಾವಣಿಯ ಟ್ಯೂಬ್‌ಲೈಟೇ ಶೂಟಿಂಗ್ ಲೈಟೂ ಆಗಬೇಕು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ನಟರ ತಯಾರಿ. ಕಟ್ ಇದ್ದರೆ ಕೈ ಕೆಲಸವನ್ನು ಬೇರೆಯಾಗಿ, ಮುಖವನ್ನು ಬೇರೆಯಾಗಿ ತೆಗೆಯಬಹುದು. ಒನರ್‌ನಲ್ಲಿ ಆ ಅನುಕೂಲ ಇಲ್ಲ. ಬಾಯಲ್ಲಿ ಔಷಧದ ಹೆಸರು, ಪ್ರಮಾಣ. ಕೈಯಲ್ಲಿ ಗ್ಲೌಸ್, ಟ್ಯೂಬ್. ಎರಡೂ ಒಟ್ಟಿಗೆ ನಡೆಯಬೇಕು. ಕೊನೇ ಸಾಲಿನಲ್ಲಿ ಒಬ್ಬರು ತೊದಲಿದರೂ ಮತ್ತೆ ಆಂಬುಲೆನ್ಸ್ ಬಾಗಿಲಿನಿಂದಲೇ ಶುರು. ಹಿಂದೆ ಸುಮ್ನೆ ಓಡಾಡುವ ನರ್ಸ್ ಪಾತ್ರಕ್ಕೂ ಎಲ್ಲಿ, ಯಾವಾಗ ತಿರುಗಬೇಕೆಂದು ಗೊತ್ತಿರಬೇಕು. ವೈದ್ಯಕೀಯ ವಿವರ ತಪ್ಪಬಾರದೆಂದು ತುರ್ತು ಚಿಕಿತ್ಸಾ ವೈದ್ಯರೇ ತಂಡದಲ್ಲಿದ್ದರು. ಅವರಲ್ಲಿ ಒಬ್ಬರಾದ ಜೋ ಸ್ಯಾಕ್ಸ್ ಕಂತುಗಳನ್ನೂ ಬರೆದರು.

ಇಷ್ಟೆಲ್ಲ ಕಷ್ಟ ಯಾಕೆ? ಕಟ್ ಬಂದಾಗ ನೋಡುವವರಿಗೂ ಒಂದು ಉಸಿರು ಬಿಡುವು ಸಿಗುತ್ತದೆ. ಒನರ್ ಅದನ್ನು ಕೊಡುವುದಿಲ್ಲ. ಮುಂದಿನ ರೋಗಿಯ ಕಡೆ ಓಡುವ ಡಾಕ್ಟರಿಗೆ ಪುರುಸೊತ್ತಿಲ್ಲ ಅನ್ನುವುದನ್ನು ಯಾವ ಮಾತೂ ಇಲ್ಲದೆ ತೋರಿಸುತ್ತದೆ. ಕಸರತ್ತು ತೋರಿಸಲೆಂದೇ ತೆಗೆದ ಒನರ್‌ಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಒನರ್ ಮತ್ತು ಲೈವ್ ಒಂದೇ ಅಂತ ಕೆಲವರು ಅಂದುಕೊಳ್ಳುತ್ತಾರೆ. ಅಲ್ಲ. ಇದೇ ಧಾರಾವಾಹಿಯ ‘ಆಂಬುಷ್’ ಕಂತನ್ನು 1997ರ ಸೆಪ್ಟೆಂಬರ್ 25ರಂದು ನೇರ ಪ್ರಸಾರದಲ್ಲೇ ಆಡಿದರು. ಅಮೆರಿಕದ ಎರಡು ಕರಾವಳಿಗಳ ಗಡಿಯಾರ ಬೇರೆಬೇರೆಯಾದ್ದರಿಂದ ಪೂರ್ವದವರಿಗೆ ಒಮ್ಮೆ, ಪಶ್ಚಿಮದವರಿಗೆ ಮತ್ತೊಮ್ಮೆ, ಹೀಗೆ ಒಂದೇ ರಾತ್ರಿ ಎರಡು ಸಲ. ಅದರಲ್ಲಿ ಹಲವು ಕ್ಯಾಮೆರಾಗಳಿದ್ದವು, ಒಂದರಿಂದ ಇನ್ನೊಂದಕ್ಕೆ ಕಟ್ ಆಗುತ್ತಿತ್ತು. ಅಲ್ಲಿ ತಪ್ಪಿದರೆ ಎರಡನೇ ಟೇಕ್ ಇಲ್ಲ. ಒನರ್‌ನಲ್ಲಿ ಎಷ್ಟು ಟೇಕ್ ಬೇಕಾದರೂ ತೆಗೆಯಬಹುದು. ಆದರೆ ತೆರೆಗೆ ಬರುವ ಟೇಕ್ ಮೊದಲಿನಿಂದ ಕೊನೆವರೆಗೆ ಒಂದೇ ಆಗಿರಬೇಕು.