ಆಗುಂಬೆ ಘಾಟಿ ಎಷ್ಟು ಲೀಟರ್ ಎತ್ತರ?

ಕುವೈತ್‌ನಲ್ಲಿರುವ ನನ್ನ ಅಳಿಯ, ಅಕ್ಕನ ಮಗ, ರಜೆಗೆ ಉಡುಪಿಗೆ ಬಂದಿದ್ದ. ಊಟ ಮುಗಿಸಿ ಜಗಲಿಯಲ್ಲಿ ಕೂತಾಗ ಮೊಬೈಲಿನಲ್ಲಿ ಒಂದು ವೀಡಿಯೊ ತೋರಿಸಿದ. ಫೋರ್ಡ್ ಎಫ್-450, ಅಮೆರಿಕದ ಭಾರಿ ಪಿಕಪ್. ಹಿಂದಿನ ಆಕ್ಸಲ್‌ಗೇ ನಾಲ್ಕು ಟೈರು. ಅದರ ಬೆನ್ನಿಗೆ ಉದ್ದದ ಟ್ರೇಲರ್, ಟ್ರೇಲರ್ ಮೇಲೆ ದೊಡ್ಡದೊಂದು ಬೋಟು. "ಇದು ಎಷ್ಟು ಮೈಲೇಜ್ ಕೊಡ್ತದೆ ಮಾವ?" ಎಂದು ಕೇಳಿದ.

ಹೊರೆ ಹೊರುವ ಗಾಡಿಯ ಬಗ್ಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಯಾಕೆಂದರೆ ಇದಕ್ಕೆ ಒಂದು ಅಂಕಿಯ ಉತ್ತರವೇ ಇಲ್ಲ. ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೆ ಮೈಲೇಜ್ ಚೀಟಿ ಅಂಟಿಸಿಯೇ ಮಾರಬೇಕು. ಆದರೆ ಹೊರೆ ಸೇರಿ 8,500 ಪೌಂಡ್, ಅಂದರೆ ಸುಮಾರು 3,850 ಕಿಲೋ ದಾಟುವ ಪಿಕಪ್‌ಗಳಿಗೆ ಆ ಚೀಟಿ ಇಲ್ಲ. ಎಫ್-450 ಆ ಗೆರೆಯ ಆಚೆಗಿದೆ. ಚೀಟಿ ಅಂಟಿಸಿದರೂ ಅದರಲ್ಲಿ ಏನು ಬರೆಯುತ್ತಾರೆ? ಖಾಲಿ ಓಡುವಾಗಿನ ಮೈಲೇಜಿಗೂ 18 ಟನ್ ಎಳೆದು ಗುಡ್ಡ ಹತ್ತುವಾಗಿನ ಮೈಲೇಜಿಗೂ ಹತ್ತಿರ ಹತ್ತಿರ ಎಂಟು ಪಟ್ಟು ವ್ಯತ್ಯಾಸ. ಗಾಡಿ ಅದೇ, ಡ್ರೈವರೂ ಅವನೇ. ಯಾಕೆ ಹೀಗೆ ಅಂತ ತಿಳಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಲ್ಪೆಯಿಂದ ಆಗುಂಬೆಗೆ ಹೋದರೆ ಸಾಕು.

ನಮ್ಮ ನೆರೆಮನೆಯ ಅಣ್ಣ ಪಿಕಪ್ ಇಟ್ಟುಕೊಂಡಿದ್ದಾರೆ. ಮಲ್ಪೆಯಿಂದ ತೀರ್ಥಹಳ್ಳಿ ಕಡೆಗೆ ಮೀನು ಸಾಗಿಸುತ್ತಾರೆ. ಒಂದು ದಿನ ನಾನೂ ಅವರ ಪಕ್ಕ ಹತ್ತಿ ಕೂತೆ. ದಕ್ಕೆಯಲ್ಲಿ ಬಂಗುಡೆ, ಬೂತಾಯಿಯ ಬಾಕ್ಸ್‌ಗಳನ್ನು ಒಂದರ ಮೇಲೊಂದು ಏರಿಸಿದರು. ಪ್ರತಿ ಬಾಕ್ಸಿನ ಮೇಲೂ ಸಲಿಕೆಯಿಂದ ಪುಡಿ ಐಸ್. ಗಾಡಿ, ಮೀನು, ಐಸ್, ನಾವಿಬ್ಬರು, ಎಲ್ಲ ಸೇರಿ ಮೂರು ಟನ್ ಅಂತ ಲೆಕ್ಕ ಹಿಡಿಯೋಣ.

ಲೆಕ್ಕ ಮಾಡುವವನಿಗೆ ಮಲ್ಪೆಯಷ್ಟು ಅನುಕೂಲದ ಜಾಗ ಬೇರೆ ಇಲ್ಲ. ಸಮುದ್ರ ಪಕ್ಕದಲ್ಲೇ ಇದೆ, ಎತ್ತರ ಸೊನ್ನೆ. ಆಗುಂಬೆ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅಂದರೆ ಮೂರು ಟನ್ನನ್ನು 650 ಮೀಟರ್ ಮೇಲಕ್ಕೆ ಎತ್ತಬೇಕು. ರಸ್ತೆ ಹೇಗೇ ಸುತ್ತಲಿ, ಗಾಡಿ ಯಾವ ಕಂಪನಿಯದ್ದೇ ಆಗಿರಲಿ, ಈ ಎತ್ತುವ ಕೆಲಸದಲ್ಲಿ ಒಂದು ಪೈಸೆ ರಿಯಾಯಿತಿ ಇಲ್ಲ. ಶಕ್ತಿಯ ಅಳತೆಯಲ್ಲಿ ಅದು ಸುಮಾರು 19 ಮೆಗಾಜೂಲ್.

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 36 ಮೆಗಾಜೂಲ್ ಸಿಗುತ್ತದೆ. ಹಾಗಾದರೆ ಅರ್ಧ ಲೀಟರ್ ಸಾಕಲ್ವಾ? ಸಾಲದು. ದೊಡ್ಡ ಪಾಲು ಸೈಲೆನ್ಸರ್‌ನಲ್ಲಿ ಬಿಸಿ ಹೊಗೆಯಾಗಿ ಹೋಗುತ್ತದೆ, ಇನ್ನೊಂದು ಪಾಲು ರೇಡಿಯೇಟರ್ ಕಾಯಿಸುತ್ತದೆ. ಚಕ್ರಕ್ಕೆ ಮುಟ್ಟುವುದು ಮೂರರಲ್ಲಿ ಒಂದು ಪಾಲು, 12 ಮೆಗಾಜೂಲ್ ಆಸುಪಾಸು. ಇದನ್ನು ಕೇಳಿ ಎಷ್ಟೊಂದು ದಂಡ ಅಂತ ಬೇಸರಪಡಬೇಡಿ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ ಓಡಿಸಿ ತೋರಿಸಿದಾಗ ನೂರರಲ್ಲಿ ಸುಮಾರು 26 ಪಾಲು ಕೆಲಸಕ್ಕೆ ಸಿಕ್ಕಿತ್ತು. ಆ ಕಾಲದ ಹೆಚ್ಚಿನ ಹಬೆ ಎಂಜಿನ್‌ಗಳು ಅದರ ಅರ್ಧಕ್ಕೂ ಬರುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಬೆರಗಾದರು. 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದ ಆ ಮನುಷ್ಯ ರಾತ್ರಿ ಬೆಳಗಾಗುವುದರಲ್ಲಿ ಕಾಣೆಯಾದ. ಅವನ ಹೆಸರು ಮಾತ್ರ ನಮ್ಮ ಪ್ರತಿ ಪೆಟ್ರೋಲ್ ಬಂಕಿನಲ್ಲಿ ಉಳಿದಿದೆ.

ಇರಲಿ, ನಮ್ಮ ಲೆಕ್ಕಕ್ಕೆ ಬರೋಣ. 19ನ್ನು 12ರಿಂದ ಭಾಗಿಸಿದರೆ ಒಂದೂವರೆ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಬರೀ ಎತ್ತುವುದಕ್ಕೇ ಇಷ್ಟು. ಆದ್ದರಿಂದ ನಾನು ಆಗುಂಬೆಯ ಎತ್ತರವನ್ನು ಮೀಟರಿನಲ್ಲಿ ನೆನಪಿಟ್ಟುಕೊಳ್ಳುವುದು ಬಿಟ್ಟಿದ್ದೇನೆ. ಆಗುಂಬೆ ಟನ್ನಿಗೆ ಅರ್ಧ ಲೀಟರ್ ಎತ್ತರ, ಕೊಂಚ ಮೇಲೆ. ಹೀಗೆ ಯೋಚಿಸಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಐಸ್ ಅರ್ಧ ಟನ್ ಇದ್ದರೆ ಕಾಲು ಲೀಟರ್ ಡೀಸೆಲ್ ಐಸಿಗೇ ಆಯಿತು. ಹೆಬ್ರಿ ದಾಟುವಾಗ ನಮ್ಮ ಗಾಡಿಯ ಹಿಂದಿನಿಂದ ಆ ಐಸಿನ ನೀರು ತೊಟ್ಟಿಕ್ಕುತ್ತಲೇ ಇತ್ತು.

ಎತ್ತುವುದು ಬಿಟ್ಟರೆ ಉಳಿದದ್ದು ಟೈರು ಮತ್ತು ಗಾಳಿ. ಒಳ್ಳೆಯ ಡಾಂಬರು ರಸ್ತೆಯಲ್ಲಿ ಟೈರು ಉರುಳಿಸಲು ಟನ್ನಿಗೆ ಸುಮಾರು 10 ಕಿಲೋ ಬಲ ಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಒಂದೆರಡು ಕಿಲೋ ಸಾಕು. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿಗೆ ಹತ್ತಿಸಿ ಸಾಗಿಸುತ್ತಿದೆ. ಸುರತ್ಕಲ್‌ನಲ್ಲಿ ಲಾರಿ ಹೊತ್ತ ಆ ರೈಲು ನೋಡಿದವರಿಗೆ ಈ ಲೆಕ್ಕ ಬೇರೆ ಹೇಳಬೇಕಾಗಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 60ರಲ್ಲಿ ಹೋಗುವವನು 80ಕ್ಕೆ ಏರಿಸಿದರೆ ಮುಕ್ಕಾಲು ಪಾಲು ಜಾಸ್ತಿ ತಡೆ. ಇವೆರಡನ್ನು ಇಲ್ಲಿಗೇ ಬಿಡುತ್ತೇನೆ.

ಸೋಮೇಶ್ವರ ದಾಟಿ ಘಾಟಿ ಶುರುವಾಯಿತು. ಅಣ್ಣ ಎರಡನೇ ಗೇರಿಗೆ ಇಳಿಸಿ, "ನಮ್ಮ ಗಾಡಿಗೆ ಟಾರ್ಕ್ ಉಂಟು ಮಾಸ್ಟ್ರೆ, ಅದಕ್ಕೇ ಎಳಿತದೆ" ಎಂದರು. ಇದು ಇನ್ನೊಂದು ತಪ್ಪು ತಿಳಿವಳಿಕೆ. ಜಾಹೀರಾತುಗಳೇ ಇದನ್ನು ಬೆಳೆಸಿವೆ.

ಟಾರ್ಕ್ ಅಂದರೆ ತಿರುಗಿಸುವ ಬಲ. ಅದು ಐನೂರರ ನೋಟಿನ ಹಾಗೆ. ಒಂದು ಐನೂರರ ನೋಟು ಕೊಟ್ಟರೆ ಹತ್ತು ಐವತ್ತರ ನೋಟು ಸಿಗುತ್ತದೆ. ಹತ್ತು ಐವತ್ತು ಕೊಟ್ಟರೆ ಒಂದು ಐನೂರು. ಚಿಲ್ಲರೆ ಮಾಡುವುದರಿಂದ ಯಾರೂ ಶ್ರೀಮಂತರಾಗುವುದಿಲ್ಲ. ಗೇರ್ ಬಾಕ್ಸ್ ಅಂದರೆ ಈ ಚಿಲ್ಲರೆ ಅಂಗಡಿ. ಎಂಜಿನ್ ಹತ್ತಾರು ಸುತ್ತು ತಿರುಗಿ ಸಣ್ಣ ಬಲ ಕೊಡುತ್ತದೆ, ಗೇರ್ ಅದನ್ನು ಚಕ್ರದ ಒಂದು ಸುತ್ತಿನ ದೊಡ್ಡ ಬಲವಾಗಿ ಬದಲಾಯಿಸುತ್ತದೆ. ತೆಂಗಿನಕಾಯಿ ಸುಲಿಯುವಾಗ ಹಿಡಿಯನ್ನು ಒಂದು ಅಡಿ ಎಳೆದರೆ ಸಿಪ್ಪೆ ಒಂದೆರಡು ಇಂಚು ಬಿಡುತ್ತದಲ್ವಾ, ಅದೇ ವ್ಯಾಪಾರ. ದೂರ ಕೊಟ್ಟು ಬಲ ಕೊಳ್ಳುವುದು. ಅಕ್ಕಿ ಮೂಟೆಯನ್ನು ನೇರ ಎತ್ತಿ ಲಾರಿಗೆ ಹಾಕಲಾಗದವನು ಉದ್ದದ ಹಲಗೆ ಇಟ್ಟು ಜಾರಿಸಿ ಏರಿಸುತ್ತಾನೆ. ಹಲಗೆ ಉದ್ದ ಆದಷ್ಟೂ ಕೈಗೆ ಹಗುರ. ಮೂಟೆ ಏರಿದ ಎತ್ತರ ಮಾತ್ರ ಅಷ್ಟೇ.

ಈಗ ಆಗುಂಬೆಯನ್ನು ನೋಡಿ. 14 ಹೇರ್‌ಪಿನ್ ತಿರುವು. ಯಾಕೆ ಅಷ್ಟು ಸುತ್ತಿಸಿದ್ದಾರೆ? ಆ ಗೋಡೆಯಂಥ ಗುಡ್ಡಕ್ಕೆ ಉದ್ದದ ಹಲಗೆ ಒರಗಿಸಬೇಕಿತ್ತು, ಜಾಗ ಸಾಲದೆ ಹಲಗೆಯನ್ನು ಮಡಚಿ ಮಡಚಿ ಇಟ್ಟಿದ್ದಾರೆ. ನನ್ನ ಪಾಲಿಗೆ ಆ ರಸ್ತೆ ಕಲ್ಲು ಡಾಂಬರಿನಲ್ಲಿ ಮಾಡಿದ ದೊಡ್ಡದೊಂದು ಗೇರು. ಗಾಡಿಯ ಒಳಗೊಂದು ಗೇರು, ಗಾಡಿಯ ಕೆಳಗೊಂದು ಗೇರು. ಏಳನೇ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿ, ಎದುರು ಗಾಜಿನಲ್ಲಿ ಬರೀ ಹಸಿರು ತುಂಬಿಕೊಂಡಾಗ ಈ ವಿಚಾರ ಹೊಳೆದು ನನಗೆ ಆದ ಖುಷಿಯನ್ನು ಹೇಗೆ ಹೇಳಲಿ!

ಹಾಗಾದರೆ ಘಾಟಿಯಲ್ಲಿ ವೇಗ ನಿರ್ಧರಿಸುವುದು ಯಾವುದು? ಎಚ್‌ಪಿ, ಅಂದರೆ ಹಾರ್ಸ್‌ಪವರ್. ಕೈಯಲ್ಲಿರುವ ಒಟ್ಟು ದುಡ್ಡು ಅದೇ. ಜೇಮ್ಸ್ ವಾಟ್ ತನ್ನ ಹಬೆ ಎಂಜಿನ್ ಮಾರುವಾಗ ಗಿರಾಕಿಗಳಿಗೆ ಅರ್ಥವಾಗಲಿ ಅಂತ ಕುದುರೆಯ ಜೊತೆ ಹೋಲಿಸಿದ. ನಿಮಿಷಕ್ಕೆ 33,000 ಪೌಂಡನ್ನು ಒಂದು ಅಡಿ ಎತ್ತಿದರೆ ಒಂದು ಕುದುರೆ. ನಮ್ಮ ಅಳತೆಯಲ್ಲಿ, 75 ಕಿಲೋದ ಮನುಷ್ಯನನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತಿದರೆ ಹತ್ತಿರ ಹತ್ತಿರ ಒಂದು ಎಚ್‌ಪಿ. ಮೂರು ಟನ್ ಗಾಡಿ ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗಲು, ಟೈರಿನ ತಡೆಯೂ ಸೇರಿ, 23 ಎಚ್‌ಪಿ ಸಾಕು. ಈ ಮೀನಿನ ಪಿಕಪ್‌ಗಳಲ್ಲಿ 75ರ ಆಸುಪಾಸು ಇರುತ್ತದೆ. ಟಾರ್ಕ್ ಕೆಲಸಕ್ಕೆ ಬರುವುದು ತಿರುವಿನಲ್ಲಿ ನಿಂತು ಮತ್ತೆ ಹೊರಡುವಾಗ, ಗೇರ್ ಪದೇ ಪದೇ ಬದಲಿಸದೆ ಎಳೆಯುವಾಗ. ಅದು ದೊಡ್ಡ ಅನುಕೂಲವೇ. ಆದರೆ ಟಾರ್ಕ್ ಡೀಸೆಲ್ ಉಳಿಸುವುದಿಲ್ಲ.

ಈಗ ಅಳಿಯನ ಫೋರ್ಡ್. ಅಮೆರಿಕದಲ್ಲಿ ಎಳೆಯುವ ತಾಕತ್ತಿಗೆ ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆಯ ಜೆ2807 ಎಂಬ ಪರೀಕ್ಷೆ ಉಂಟು. ಅದರ ಘಾಟಿ ಇರುವುದು ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರ. 18 ಕಿ.ಮೀ. ಉದ್ದ, ಸುಮಾರು 900 ಮೀಟರ್ ಏರು. ಹೊರಗೆ 38 ಡಿಗ್ರಿ ಬಿಸಿಲು, ಒಳಗೆ ಎಸಿ ಪೂರ್ತಿ ಹಾಕಿರಬೇಕು. ಹಿಂದೆ ನಾಲ್ಕು ಟೈರಿನ ಪಿಕಪ್ ಗಂಟೆಗೆ 56 ಕಿ.ಮೀ.ಗಿಂತ ಕೆಳಗೆ ಇಳಿಯಬಾರದು. 2023ರ ಎಫ್-450 ಗರಿಷ್ಠ 40,000 ಪೌಂಡ್, ಅಂದರೆ 18 ಟನ್ ಎಳೆಯಬಲ್ಲದು ಅಂತ ಕಂಪನಿ ಹೇಳುತ್ತದೆ. ಗಾಡಿಯೂ ಸೇರಿ 22 ಟನ್ ಆಯಿತು. ಇಷ್ಟನ್ನು ಆ ಘಾಟಿ ಹತ್ತಿಸಲು ನಮ್ಮದೇ ಲೆಕ್ಕ ಹಾಕಿ. ಏರು, ಟೈರು ಎರಡಕ್ಕೇ ಸುಮಾರು 19 ಲೀಟರ್. ಗಾಳಿ ಬೇರೆ. ಲೀಟರಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ! ಅದೇ ಗಾಡಿ ಖಾಲಿ ಇದ್ದು ಸಪಾಟು ಹೆದ್ದಾರಿಯಲ್ಲಿ ಹೋದರೆ ಏಳೆಂಟು ಕಿಲೋಮೀಟರ್ ಕೊಡಬಹುದು. ಎಷ್ಟು ಟನ್ನು, ಎಷ್ಟು ಎತ್ತರ ಅಂತ ಹೇಳದೆ ಮೈಲೇಜ್ ಕೇಳುವುದು, ಮನೆಯಲ್ಲಿ ಎಷ್ಟು ಜನ ಅಂತ ಹೇಳದೆ ಅಕ್ಕಿ ಎಷ್ಟು ಬೇಕು ಅಂತ ಕೇಳಿದ ಹಾಗೆ.

ವಾಪಸ್ ಬರುವಾಗ ಅಣ್ಣನಿಗೆ ಗುಜರಿ ಸಾಮಾನಿನ ಬಾಡಿಗೆ ಸಿಕ್ಕಿತ್ತು. ಮತ್ತೆ ಮೂರು ಟನ್. ಆಗುಂಬೆ ದಾಟಿ ಇಳಿಜಾರು ಶುರುವಾದ ಕೂಡಲೇ ಅವರು ಗೇರ್ ಬಿಡಿಸಿ ನ್ಯೂಟ್ರಲ್ ಮಾಡಿದರು. ನನ್ನ ಎದೆ ಧಸಕ್ ಅಂತು. "ಇಳಿಜಾರಲ್ವಾ ಮಾಸ್ಟ್ರೆ, ಸುಮ್ನೆ ಡೀಸೆಲ್ ಯಾಕೆ ಸುಡುದು?" ಎಂದರು.

ಗಾಡಿ ಹೊರಡುವಾಗ ಟೈರಿನಡಿ ನಿಂಬೆಹಣ್ಣು ಇಡುವುದು ಅವರವರ ನಂಬಿಕೆ. ಅದರಿಂದ ಯಾರ ಜೀವವೂ ಹೋಗುವುದಿಲ್ಲ. ಡೀಸೆಲ್ ಪೈಪಿಗೆ ಮ್ಯಾಗ್ನೆಟ್ ಕಟ್ಟಿದರೆ ಮೈಲೇಜ್ ಜಾಸ್ತಿ ಅನ್ನುವ ನಂಬಿಕೆಯಿಂದ ದುಡ್ಡು ಹೋಗುತ್ತದೆ. ಅಮೆರಿಕ ಸರ್ಕಾರದ ಪರಿಸರ ರಕ್ಷಣೆಯ ಇಪಿಎ ಸಂಸ್ಥೆ ಇಂಧನ ಉಳಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ, ಹೇಳಿಕೊಳ್ಳುವಷ್ಟು ಉಳಿಸಿದ್ದು ಒಂದೂ ಇಲ್ಲ. ಆದರೆ ಈ ನ್ಯೂಟ್ರಲ್ ನಂಬಿಕೆ ಜೀವ ತೆಗೆಯುತ್ತದೆ. ಅದೂ ಒಂದು ಹನಿ ಡೀಸೆಲ್ ಉಳಿಸದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನಾಗಿ ತಿರುಗುತ್ತಿರಬೇಕಾದರೆ ಡೀಸೆಲ್ ಕುಡಿಯಲೇಬೇಕು. ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರವೇ ಎಂಜಿನ್ ತಿರುಗಿಸುತ್ತದೆ. ಈಗಿನ ಎಂಜಿನ್‌ಗಳು ಆಗ ಡೀಸೆಲ್ ಪೂರ್ತಿ ನಿಲ್ಲಿಸುತ್ತವೆ. ಹಳೆಯ ಪಂಪಿನವೂ ಹೆಚ್ಚುಕಡಿಮೆ ಹಾಗೇ.

ಇಳಿಯುವಾಗ ಆ ಎತ್ತರ ಎಲ್ಲಿಗೆ ಹೋಗಬೇಕು? ಮೂರು ಟನ್ ಘಾಟಿಯ ಬುಡದವರೆಗೆ 500 ಮೀಟರ್ ಇಳಿದರೆ, ಟೈರು ತಿಂದದ್ದು ಕಳೆದರೂ, ಸುಮಾರು 40 ಲೀಟರ್ ನೀರನ್ನು ಕುದಿಸುವಷ್ಟು ಶಾಖ. ನಮ್ಮ ಬಚ್ಚಲಿನ ದೊಡ್ಡ ಹಂಡೆಗೆ ಒಲೆಯಲ್ಲಿ ಎಷ್ಟು ಹೊತ್ತು ಸೌದೆ ತುಂಬಬೇಕು, ನೆನಪಿಸಿಕೊಳ್ಳಿ. ಅಷ್ಟೂ ಬಿಸಿ ಅರ್ಧ ಗಂಟೆಯೊಳಗೆ ನಾಲ್ಕು ಚಕ್ರದ ಬ್ರೇಕಿಗೆ ಇಳಿಯುತ್ತದೆ. ಲೈನಿಂಗ್ ಕಾದು ಹಿಡಿತ ಬಿಡುತ್ತದೆ, ಡ್ರಮ್ ಹಿಗ್ಗಿ ದೂರ ಸರಿಯುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ.

1931ರಲ್ಲಿ ಕ್ಲೆಸಿ ಕಮಿನ್ಸ್ ಎಂಬ ಎಂಜಿನ್ ತಯಾರಕನಿಗೆ ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯಲ್ಲಿ ಆಗಿದ್ದು ಇದೇ. ತನ್ನ ಡೀಸೆಲ್ ಲಾರಿಯಲ್ಲಿ ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಕೆಳಗೆ ರಸ್ತೆಗೆ ಅಡ್ಡ ಗೂಡ್ಸ್ ರೈಲು. ಅದರ ಕೊನೆಯ ಬೋಗಿ ದಾಟುವುದಕ್ಕೂ ಲಾರಿ ಹಳಿ ದಾಟುವುದಕ್ಕೂ ಕೂದಲೆಳೆಯ ಅಂತರ. ಅವನು ಅದನ್ನು ಮರೆಯಲಿಲ್ಲ. ನಿವೃತ್ತನಾದ ಮೇಲೆ ಕೂತು ಎಂಜಿನ್ನನ್ನೇ ಬ್ರೇಕ್ ಮಾಡುವ ಉಪಾಯ ಕಂಡುಹಿಡಿದ. ಸೈಕಲ್ ಪಂಪಿನ ಬಾಯಿಗೆ ಬೆರಳು ಒತ್ತಿ ಹಿಡಿಯನ್ನು ತಳ್ಳಿ ನೋಡಿ, ಕಷ್ಟ. ಬೆರಳು ತೆಗೆಯದೆ ಹಿಡಿಯನ್ನು ಬಿಟ್ಟರೆ ಒಳಗಿನ ಗಾಳಿ ಸ್ಪ್ರಿಂಗಿನಂತೆ ಹಿಡಿಯನ್ನು ಹಿಂದಕ್ಕೆ ತಳ್ಳುತ್ತದೆ. ತಳ್ಳಿ ಮುಗಿದ ಕ್ಷಣದಲ್ಲಿ ಬೆರಳು ತೆಗೆದರೆ ಗಾಳಿ ಪುಸ್ ಅಂತ ಹೋಗುತ್ತದೆ, ಪಟ್ಟ ಶ್ರಮ ವಾಪಸ್ ಬರುವುದಿಲ್ಲ. ಎಂಜಿನ್ನಿನ ಸಿಲಿಂಡರಿನಲ್ಲಿ ಕವಾಟ ಇದನ್ನೇ ಮಾಡುತ್ತದೆ, ಗಾಡಿಯ ಓಟವನ್ನು ಹಾಗೆ ಕರಗಿಸುತ್ತದೆ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಲಾರಿಯವರ ಬಾಯಲ್ಲಿ ಅದು ಜೇಕ್ ಬ್ರೇಕ್ ಆಯಿತು.

ನಮ್ಮ ಪಿಕಪ್ಪಿನಲ್ಲಿ ಅಂಥದ್ದಿಲ್ಲ. ಎರಡನೇ ಗೇರ್ ಉಂಟಲ್ಲ. ಹತ್ತಿದ ಗೇರಿನಲ್ಲೇ ಇಳಿಯಬೇಕು. ನಾನು ಬಿಡದೆ ಹೇಳಿದ ಮೇಲೆ ಅಣ್ಣ ಎರಡನೇ ಗೇರಿಗೆ ಹಾಕಿದರು. ಎಂಜಿನ್ ಗೊರ್ ಎಂದು ಗಾಡಿಯನ್ನು ಹಿಡಿದುಕೊಂಡಿತು.

ಸೋಮೇಶ್ವರದಲ್ಲಿ ಚಾ ಕುಡಿಯಲು ನಿಲ್ಲಿಸಿದೆವು. ಅಣ್ಣ ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಡ್ರಮ್ಮಿನ ಹತ್ತಿರ ಅಂಗೈ ಹಿಡಿದರು. ಮೂಗು ಮುಂದೆ ತಂದು ವಾಸನೆ ನೋಡಿದರು. "ದಿನಾ ಇಲ್ಲಿ ಸುಟ್ಟ ವಾಸನೆ ಬರ್ತದೆ ಮಾರ್ರೆ, ಇವತ್ತು ಇಲ್ಲ" ಎಂದರು. ಆಮೇಲೆ ಚಾ ಗ್ಲಾಸ್ ಹಿಡಿದು ಸ್ವಲ್ಪ ಹೊತ್ತು ಘಾಟಿಯ ಕಡೆ ನೋಡುತ್ತಾ ನಿಂತರು.

"ಮಾಸ್ಟ್ರೆ, ಇದು ಟನ್ನಿಗೆ ಅರ್ಧ ಲೀಟರ್ ಅಂದ್ರಿ. ಮಂಗಳೂರಿಂದ ಸಕಲೇಶಪುರ ಎಷ್ಟಾಯ್ತು?"

ಸಕಲೇಶಪುರ ಸುಮಾರು 950 ಮೀಟರ್. ಟನ್ನಿಗೆ ಮುಕ್ಕಾಲು ಲೀಟರ್ ಎಂದೆ. ಅಣ್ಣ ಡ್ಯಾಶ್‌ಬೋರ್ಡ್ ಮೇಲಿನ ಡೀಸೆಲ್ ಪುಸ್ತಕ ತೆಗೆದು, ಹಿಂದಿನ ರಟ್ಟಿನ ಮೇಲೆ ಎರಡನ್ನೂ ಬರೆದುಕೊಂಡರು.