ಹೆಬ್ಬೆರಳು ಕಡಿದುಕೊಂಡ ಹೇಡಿ: ‘ಪೊಲ್ಟ್ರೂನ್’ ಪದದ ಪೂರ್ವಾಪರ

ಕಡುಹೇಡಿಯನ್ನು ಬೈಯಲು ಇಂಗ್ಲಿಷಿನಲ್ಲಿ ‘ಪೊಲ್ಟ್ರೂನ್’ ಎಂಬ ಹಳೆಯ ಪದವಿದೆ. 16ನೇ ಶತಮಾನದಲ್ಲಿ ಅದು ಫ್ರೆಂಚಿನ ಮೂಲಕ ಬಂತು. ಫ್ರೆಂಚಿಗೆ ಬಂದದ್ದು ಇಟಾಲಿಯನ್ನಿನ ‘ಪೊಲ್ಟ್ರೋನೆ’ಯಿಂದ. ಇಷ್ಟರವರೆಗೆ ತಕರಾರಿಲ್ಲ. ಅದಕ್ಕೂ ಹಿಂದೆ ಏನಿತ್ತು ಎಂಬಲ್ಲಿ ಜಗಳ ಶುರು.

17ನೇ ಶತಮಾನದ ಫ್ರೆಂಚ್ ಪಂಡಿತ ಸೋಮೇಜ್ ಇದನ್ನು ಲ್ಯಾಟಿನ್ನಿನ ‘ಪೊಲ್ಲಿಕೆ ಟ್ರುಂಕುಸ್’, ಅಂದರೆ ಹೆಬ್ಬೆರಳು ತುಂಡಾದವನು, ಎಂದು ಬಿಡಿಸಿದ. 1755ರ ತನ್ನ ಇಂಗ್ಲಿಷ್ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಅದನ್ನೇ ಮೊದಲು ಕೊಟ್ಟ. ನಂಬದಿರಲು ಕಾರಣವೂ ಇರಲಿಲ್ಲ ಬಿಡಿ. ಹೆಬ್ಬೆರಳಿಲ್ಲದ ಕೈಯಲ್ಲಿ ಕತ್ತಿ ನಿಲ್ಲುವುದಿಲ್ಲ, ಈಟಿ ಎಸೆಯಲು ಬರುವುದಿಲ್ಲ. ಇಬ್ಬರು ಗಂಡುಮಕ್ಕಳ ಹೆಬ್ಬೆರಳು ಕತ್ತರಿಸಿ ಸೇನೆಯಿಂದ ತಪ್ಪಿಸಲು ಹೋದ ರೋಮನ್ ಕುಲೀನನೊಬ್ಬನನ್ನು ಚಕ್ರವರ್ತಿ ಅಗಸ್ಟಸ್ ಆಸ್ತಿಸಮೇತ ಹರಾಜಿಗಿಟ್ಟನೆಂದು ರೋಮನ್ ಚರಿತ್ರೆಕಾರ ಸ್ಯೂಟೋನಿಯಸ್ ಬರೆದಿದ್ದಾನೆ. 4ನೇ ಶತಮಾನದ ಹೊತ್ತಿಗೆ ಇದು ಪಿಡುಗೇ ಆಗಿತ್ತು. 381ರ ರೋಮನ್ ಕಾಯ್ದೆ ಬೆರಳು ಕಡಿದುಕೊಂಡವರನ್ನೂ ಸೇನೆಗೆ ಎಳೆಯಿತು: ಗಟ್ಟಿಮುಟ್ಟಾದ ಒಬ್ಬನ ಬದಲಿಗೆ ಅಂಥವರು ಇಬ್ಬರು.

ಆದರೆ ಆ ಕಾಲದಲ್ಲಿ ಅಂಥವನ ಹೆಸರೇ ಬೇರೆ. ಇಟಲಿಯಲ್ಲಿ ಅವನನ್ನು ‘ಮುರ್ಕುಸ್’ ಎನ್ನುತ್ತಿದ್ದರೆಂದು ಇತಿಹಾಸಕಾರ ಅಮ್ಮಿಯಾನುಸ್ ಹೇಳುತ್ತಾನೆ. ಧ್ವನಿನಿಯಮವೂ ಸೋಮೇಜನ ಕೈಹಿಡಿಯುವುದಿಲ್ಲ. ಹಳಗನ್ನಡದ ‘ಪಾಲ್’ ‘ಹಾಲು’ ಆದಂತೆ ಫ್ರೆಂಚಿನಲ್ಲಿಯೂ ಒಂದು ಕ್ರಮವಿದೆ: ವ್ಯಂಜನದ ಮುಂದೆ ‘ಲ್’ ಸವೆದುಹೋಗುತ್ತದೆ. ಹಾಗಾಗಿಯೇ ಹೆಬ್ಬೆರಳಿನ ಲ್ಯಾಟಿನ್ ಪದ ಫ್ರೆಂಚಿನಲ್ಲಿ ‘ಪೂಸ್’ ಆಗಿದೆ. ‘ಪೊಲ್ಟ್ರೂನ್’ನಲ್ಲಿ ‘ಲ್’ ಗಟ್ಟಿಯಾಗಿ ಉಳಿದಿರುವುದು ಅದು ತಡವಾಗಿ ಬಂದ ಎರವಲು ಎಂಬುದರ ಗುರುತು. ಇಟಾಲಿಯನ್ನಿನಲ್ಲಂತೂ ‘ಟ್ರುಂಕುಸ್’ ‘ಟ್ರೊಂಕೊ’ ಆಗುತ್ತದೆ. ಆ ‘ಕ’ಕಾರ ‘ಪೊಲ್ಟ್ರೋನೆ’ಯಲ್ಲಿ ಎಲ್ಲಿದೆ? ಅಲ್ಲಿರುವ ‘ಓನೆ’ ದೊಡ್ಡದು, ಅತಿಯಾದದ್ದು ಎಂಬರ್ಥ ಕೊಡುವ ಪ್ರತ್ಯಯವಷ್ಟೆ.

ಅದನ್ನು ಕಳೆದರೆ ಉಳಿಯುವುದು ‘ಪೊಲ್ಟ್ರೊ’. ಕೆಲವರು ಇದಕ್ಕೆ ಹಾಸಿಗೆ ಎಂಬ ಅರ್ಥ ಹಿಡಿಯುತ್ತಾರೆ. ಪಳಗದ ಮರಿಕುದುರೆ ಎಂಬ ಅರ್ಥವೇ ಹೆಚ್ಚು ಗಟ್ಟಿ: ಪ್ರಾಣಿಯ ಮರಿಗೆ ಲ್ಯಾಟಿನ್ನಿನಲ್ಲಿ ‘ಪುಲ್ಲುಸ್’, ಅದರಿಂದ ‘ಪುಲ್ಲಿಟ್ರುಸ್’. ಇದೇ ಪದ ಹಳೆಯ ಫ್ರೆಂಚಿನಲ್ಲಿ ನಿಯಮದಂತೆ ‘ಲ್’ ಕಳೆದುಕೊಂಡು, ಹೆಣ್ಣು ಕುದುರೆಮರಿಯ ಹೆಸರಾಗಿ ನಿಂತಿತ್ತು. ಇಟಾಲಿಯನ್ ಮಹಾಕವಿ ಡಾಂಟೆಯ ‘ಪುರ್ಗಟೋರಿಯೊ’ ಕಾವ್ಯದ 24ನೇ ಸರ್ಗದಲ್ಲಿ ‘ಪೊಲ್ಟ್ರೆ’ ಎಂಬ ವಿಶೇಷಣ ಬೆಚ್ಚಿಬಿದ್ದ ಮೃಗಗಳಿಗೆ ಅಂಟಿದೆ. ‘ಇನ್‌ಫೆರ್ನೊ’ದ 24ನೇ ಸರ್ಗದಲ್ಲಿಯೋ, ಸೋಮಾರಿತನ ಕೊಡವಿ ಏಳು ಎನ್ನಲು ಡಾಂಟೆಯ ಮಾರ್ಗದರ್ಶಿ ವರ್ಜಿಲ್ ಬಳಸುವ ಕ್ರಿಯಾಪದದೊಳಗೆ ಇದೇ ‘ಪೊಲ್ಟ್ರೊ’ ಇದೆ. ಇಂದಿನ ಇಟಾಲಿಯನ್ನಿನಲ್ಲಿ ಗೆದ್ದದ್ದು ಈ ಸೋಮಾರಿತನದ ಅರ್ಥವೇ: ‘ಪೊಲ್ಟ್ರೋನೆ’ ಅಂದರೆ ಮೈಗಳ್ಳ, ‘ಪೊಲ್ಟ್ರೋನಾ’ ಅಂದರೆ ಆರಾಮಕುರ್ಚಿ. ಹೇಡಿತನ ಉಳಿದದ್ದು ಫ್ರೆಂಚ್ ಮತ್ತು ಇಂಗ್ಲಿಷಿನ ಪಾಲಿಗೆ.