ವ್ಯಾಸ್ಕುಲೈಟಿಸ್ ಇದ್ದವರ ಅಯೋರ್ಟಾ ರಿಪೇರಿ: ಹೊಲಿಗೆ ಎಲ್ಲೆಲ್ಲಿ ಬೀಳುತ್ತದೆ?

ವ್ಯಾಸ್ಕುಲೈಟಿಸ್ ಅಂದರೆ ರಕ್ತನಾಳದ ಗೋಡೆಯ ಉರಿಯೂತ, ಅಯೋರ್ಟಾ ಅಂದರೆ ಹೃದಯದಿಂದ ಹೊರಡುವ ಮಹಾಪಧಮನಿ. ಅದನ್ನು ಅರ್ಧ ಕೊಯ್ದು ಬೈಪಾಸ್ ಹಾಕಿ, ಅರ್ಧ ಒಳಗಿನಿಂದ ಸ್ಟೆಂಟ್ ಇಟ್ಟು ರಿಪೇರಿ ಮಾಡುವ ಹೈಬ್ರಿಡ್ ಸರ್ಜರಿ ಅಂದ ತಕ್ಷಣ ನಾವು ಬೈಪಾಸ್ ಚಿತ್ರ ಬರೆಯಲು ಕೂರುತ್ತೇವೆ. ಅದಕ್ಕೂ ಮುಂಚೆ ಸೂಜಿಯಿಂದ ಶುರು ಮಾಡೋಣ.

ಬೆಹ್ಚೆಟ್ ಕಾಯಿಲೆ (ಒಂದು ಬಗೆಯ ವ್ಯಾಸ್ಕುಲೈಟಿಸ್) ಇರುವ ಕೆಲವರ ಮುಂಗೈಗೆ ಸುಮ್ನೆ ಸೂಜಿ ಚುಚ್ಚಿದರೂ ಒಂದೆರಡು ದಿನದಲ್ಲಿ ಅಲ್ಲೊಂದು ಕೀವುಗುಳ್ಳೆ ಏಳುತ್ತದೆ. ಇದು ಪ್ಯಾಥರ್ಜಿ. ಚರ್ಮವೇ ಹೀಗೆ ಕೆರಳಿದರೆ ಅಯೋರ್ಟಾಕ್ಕೆ ಹಾಕಿದ ಹೊಲಿಗೆ? ಹಳತಾಗಿ ಲಡ್ಡಾದ ಬಟ್ಟೆಗೆ ತೇಪೆ ಹಾಕಿದ ಹಾಗೆ. ದಾರ ಗಟ್ಟಿಯಾಗೇ ಇರುತ್ತದೆ, ಪಕ್ಕದ ಬಟ್ಟೆ ಹರಿಯುತ್ತದೆ. ಗ್ರಾಫ್ಟ್ (ಕೃತಕ ನಾಳ) ಹೊಲಿದ ಜಾಗದಲ್ಲಿ ಸೂಡೋಅನ್ಯೂರಿಸಂ (ಗೋಡೆ ಹರಿದು ರಕ್ತ ಸೋರಿ ಪಕ್ಕದಲ್ಲಿ ಕಟ್ಟುವ ಉಬ್ಬು) ಆಗುವುದು ಇದರಿಂದಲೇ.

(1937ರಲ್ಲಿ ಈ ಕಾಯಿಲೆಯನ್ನು ವಿವರಿಸಿದ ಹುಲುಸಿ ಬೆಹ್ಚೆಟ್ ಟರ್ಕಿಯ ಚರ್ಮವೈದ್ಯರು. 1908ರಲ್ಲಿ ತಮ್ಮ ಹೆಸರಿನ ಇನ್ನೊಂದು ವ್ಯಾಸ್ಕುಲೈಟಿಸ್ ಬಗ್ಗೆ, ಅಂದರೆ ಅಯೋರ್ಟಾ ಮತ್ತು ಅದರ ಕವಲುಗಳ ಉರಿಯೂತದ ಬಗ್ಗೆ, ಹೇಳಿದ ಜಪಾನಿನ ತಕಾಯಾಸು ಕಣ್ಣಿನ ಡಾಕ್ಟರು. ವೈವಾದಲ್ಲಿ ಕೇಳುತ್ತಾರೆ.)

ಈಗ ಹೈಬ್ರಿಡ್‌ಗೆ ಬರೋಣ. ಅಯೋರ್ಟಾದ ಕಮಾನಿನಲ್ಲಿ ಅನ್ಯೂರಿಸಂ (ಗೋಡೆ ಬಲಗುಂದಿ ಉಬ್ಬಿದ ಜಾಗ) ಇದೆ ಅಂದುಕೊಳ್ಳಿ. ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಬಲೆಯ ಕೊಳವೆ) ಕಳಿಸಿ ಹೊಲಿಗೆ ಇಲ್ಲದೆ ಒಳಗಿನಿಂದ ಮುಚ್ಚಬಹುದು. ಅದು ಹಿಡಿದು ನಿಲ್ಲಲು ಸುಮಾರು 2 ಸೆಂ.ಮೀ. ಒಳ್ಳೆಯ ಗೋಡೆ ಬೇಕು. ಆದರೆ ಅಲ್ಲೇ ಮಿದುಳಿಗೂ ಕೈಗೂ ಹೋಗುವ ಕವಲುಗಳಿವೆ, ಸ್ಟೆಂಟ್ ಅವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಕವಲುಗಳಿಗೆ ಮೊದಲೇ ಬೇರೆ ದಾರಿ ಮಾಡಿಕೊಡುತ್ತಾರೆ. ಇದಕ್ಕೆ ಡಿಬ್ರಾಂಚಿಂಗ್ ಅನ್ನುತ್ತಾರೆ. ಎಡ ಸಬ್‌ಕ್ಲೇವಿಯನ್ (ಎಡಗೈಗೆ ಹೋಗುವ ಕವಲು) ಒಂದೇ ಮುಚ್ಚುವುದಾದರೆ ಕತ್ತಿನ ಬಳಿ ಕೊಯ್ದು, ಮಿದುಳಿಗೆ ಹೋಗುವ ಎಡ ಕೆರೋಟಿಡ್‌ನಿಂದ ಅದಕ್ಕೆ ಬೈಪಾಸ್ ಹಾಕಿದರೆ ಸಾಕು. ಮೂರೂ ಕವಲು ಮುಚ್ಚುವುದಾದರೆ ಎದೆ ತೆರೆದು, ಹೃದಯದಿಂದ ಹೊರಡುವ ಏರು ಅಯೋರ್ಟಾದಿಂದಲೇ ರಕ್ತ ತರಬೇಕು.

ತಕಾಯಾಸುನಲ್ಲಿ ಇಲ್ಲೇ ತೊಡಕು. ಕೆರೋಟಿಡ್ಡೇ ಸಣ್ಣಗಾಗಿದ್ದರೆ ಅದು ಯಾರಿಗೆ ರಕ್ತ ಕೊಟ್ಟೀತು? ಏರು ಅಯೋರ್ಟಾಕ್ಕೆ ಹೋದರೆ ಉರಿಯೂತ ಇರಬಹುದಾದ ಗೋಡೆಗೇ ಹೊಸ ಹೊಲಿಗೆ. ಅನ್ಯೂರಿಸಂ ಹತ್ತಿರದ ಹೊಲಿಗೆ ತಪ್ಪಿಸಲು ಹೋಗಿ ಬೇರೆ ಕಡೆ ಹೊಲಿಗೆ ಹಾಕಿದಂತಾಯಿತು, ಅಲ್ವಾ? ನನ್ನ ಪ್ರಕಾರ ಯಾವ ಕೇಸ್ ಓದಿದರೂ ಹೊಲಿಗೆಗಳು ಎಲ್ಲೆಲ್ಲಿ ಬಿದ್ದಿವೆ ಅಂತ ಮೊದಲು ಎಣಿಸಬೇಕು. ಕೆಲವು ಸರ್ಜನ್‌ಗಳು ಆ ಜಾಗಕ್ಕೆ ಫೆಲ್ಟ್ (ದಪ್ಪ ಬಟ್ಟೆಯಂಥ) ಪಟ್ಟಿ ಇಟ್ಟು ಬಲ ಕೊಡುತ್ತಾರೆ.

ತುರ್ತು ಇಲ್ಲದಿದ್ದರೆ ಮೊದಲು ಸ್ಟೀರಾಯ್ಡ್ ಮತ್ತು ಇಮ್ಯೂನಿಟಿ ತಗ್ಗಿಸುವ ಔಷಧಿ ಕೊಟ್ಟು ಕಾಯಿಲೆ ತಣ್ಣಗಾಗಲು ಕಾಯುತ್ತಾರೆ. ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ ನೋಡುತ್ತಾರೆ. ಅವು ನಾರ್ಮಲ್ ಬಂದರೂ ಗೋಡೆಯೊಳಗೆ ಉರಿಯೂತ ಉಳಿದಿರಬಹುದು. ಅನ್ಯೂರಿಸಂ ಒಡೆದಿದ್ದರೆ ಕಾಯುವ ಮಾತೇ ಇಲ್ಲ. ಸರ್ಜರಿ ಆದ ಮೇಲೂ ಔಷಧಿ ಮುಂದುವರಿಯಬೇಕು.

ಸ್ಟೆಂಟ್‌ಗೆ ಹೊಲಿಗೆ ಇಲ್ಲ ಅಂತ ನಿಶ್ಚಿಂತೆಯಾಗಿರುವ ಹಾಗಿಲ್ಲ. ಸಾಮಾನ್ಯವಾಗಿ ರಕ್ತನಾಳಕ್ಕಿಂತ 10ರಿಂದ 20% ದೊಡ್ಡ ಸ್ಟೆಂಟ್ ಹಾಕುತ್ತಾರೆ. ಬೆಹ್ಚೆಟ್‌ನಲ್ಲಿ ಅದರ ಅಂಚು ಒತ್ತಿದ ಕಡೆ ಹೊಸ ಅನ್ಯೂರಿಸಂ ಹುಟ್ಟಬಹುದು. ತೊಡೆಸಂದಿಯಲ್ಲಿ ಚುಚ್ಚಿದ ಜಾಗದಲ್ಲೂ ಅಷ್ಟೆ. ಹಾಗಾಗಿ ಫಾಲೋಅಪ್ ಸಿಟಿ ಸ್ಕ್ಯಾನ್ ಬರೆಯುವಾಗ ಎದೆಯ ಜೊತೆ ತೊಡೆಸಂದಿಯನ್ನೂ ಸೇರಿಸಿ.